ನೂರಕ್ಕೆ ಮೂರರ ಕೈಸಾಲ ತೀರಿಸಿದ ಲೆಕ್ಕ

2015ರ ನವೆಂಬರಿನಲ್ಲಿ ಸರ್ಕಾರದ ಸಾವರಿನ್ ಗೋಲ್ಡ್ ಬಾಂಡ್ (ಅವಧಿ ಮುಗಿದಾಗ ಚಿನ್ನದ ರೇಟಿಗೆ ತಕ್ಕಂತೆ ದುಡ್ಡು ಕೊಡುವ ಪತ್ರ) ಮೊದಲ ಸಲ ಬಂದಾಗ ಗ್ರಾಂಗೆ 2,684 ರೂಪಾಯಿ. ಎಂಟು ವರ್ಷದ ಮೇಲೆ 6,132 ಕೊಟ್ಟರು; ನಡುವೆ ವರ್ಷಕ್ಕೆ ಶೇ. 2.75 ಬಡ್ಡಿ ಬೇರೆ. 'ಆಗಲೇ ತಗೋಬೇಕಿತ್ತು' ಅನ್ನುವವರ ಮನೆಯಲ್ಲಿ ಆಗ ಕೈಸಾಲ ಇತ್ತೇ ಅಂತ ಮೊದಲು ನೋಡಬೇಕು.

ನನ್ನದು ಒಂದೂವರೆ ಲಕ್ಷ, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ. ತಿಂಗಳಿಗೆ 4,500. ಎಂಟು ವರ್ಷ ಹಾಗೇ ಕಟ್ಟಿದರೆ ಬಡ್ಡಿಯೇ 4.32 ಲಕ್ಷ, ಅಸಲು ಇದ್ದಲ್ಲೇ. ಅಷ್ಟೇ ದುಡ್ಡಿಗೆ 55 ಗ್ರಾಂ ಬಾಂಡ್ ಕೊಂಡಿದ್ದರೆ ಬಡ್ಡಿಯೂ ಸೇರಿ ಲಾಭ ಸುಮಾರು 2.22 ಲಕ್ಷ. ಸಾಲ ಇಟ್ಟುಕೊಂಡು ಬಾಂಡ್ ಕೊಂಡವನಿಗೂ ಎರಡು ಲಕ್ಷ ನಷ್ಟವೇ ಆಗುತ್ತಿತ್ತು.

ಬೀರುವಿನಲ್ಲಿ ಒಡವೆ, ಹೊರಗೆ ನೂರಕ್ಕೆ ಮೂರರ ಸಾಲ: ನಮ್ಮ ಕಡೆ ಈ ಜೋಡಿ ಮಾಮೂಲು. ಆ ಕೈಸಾಲ ತೀರಿಸಲು ಬ್ಯಾಂಕಿನಲ್ಲಿ ಒಡವೆ ಅಡವಿಟ್ಟೆ, ಬಡ್ಡಿ ವರ್ಷಕ್ಕೆ ಶೇ. 10. ತೂಕದಲ್ಲಿ ಹರಳು, ಅರಗು ಕಳೆಯುತ್ತಾರೆ. ಕೊಳ್ಳುವಾಗ ಕೊಟ್ಟ ಕೂಲಿ, ವೇಸ್ಟೇಜ್ ಲೆಕ್ಕಕ್ಕಿಲ್ಲ. ಹಾಗಾಗಿ ಅಂಗಡಿ ಬಿಲ್ಲಿನ ಮೊತ್ತ ನಂಬಿಕೊಂಡು ಹೋಗಬೇಡಿ.

ಎಲ್ಲವನ್ನೂ ಒಂದೇ ಸಾಲಕ್ಕೆ ಇಡಲಿಲ್ಲ. ಸರಕ್ಕೆ 60,000, ಬಳೆಗಳಿಗೆ 90,000, ಎರಡು ಖಾತೆ. ಪೂರ್ತಿ ತೀರುವವರೆಗೆ ಒಂದು ಒಡವೆಯೂ ಈಚೆ ಬರದಿದ್ದರೆ ಮನೆಯಲ್ಲಿ ತಾಳ್ಮೆ ಉಳಿಯುವುದಿಲ್ಲ. ಸಹಿಗೆ ಮುಂಚೆ ಕೇಳಿದ್ದು ಒಂದೇ: ತಿಂಗಳು ತಿಂಗಳು ಪಾರ್ಟ್ ಪೇಮೆಂಟ್ ಕಟ್ಟಬಹುದೇ, ಬಡ್ಡಿ ಹೋಗಿ ಮಿಕ್ಕಿದ್ದು ಆಗಲೇ ಅಸಲಿಗೆ ಜಮೆಯಾಗುತ್ತದೆಯೇ?

ಕೈಸಾಲ ಕೊಟ್ಟವರಿಗೆ ದುಡ್ಡು ತೀರಿಸಿದ ಗಳಿಗೆಯಲ್ಲೇ ಪ್ರೋನೋಟು, ಖಾಲಿ ಚೆಕ್ಕು ವಾಪಸ್ ಪಡೆದು, 'ಅಸಲು ಬಡ್ಡಿ ಪೂರಾ ಸಂದಾಯ' ಎಂದು ತಾರೀಖು ಹಾಕಿ ಬರೆಸಿಕೊಳ್ಳಬೇಕು. ಮಿತಿಮೀರಿದ ಬಡ್ಡಿಗೆ ಕರ್ನಾಟಕದಲ್ಲಿ 2004ರ ನಿಷೇಧ ಕಾಯ್ದೆಯೇ ಇದೆ, ಆದರೆ ನೂರಕ್ಕೆ ಮೂರು ಅಂತ ಕಾಗದದಲ್ಲಿ ಬರೆದುಕೊಡುವವರು ಯಾರು?

ಇನ್ನು ಕಂತು. ಹೊಸ ಬಡ್ಡಿ ತಿಂಗಳಿಗೆ 1,250 ಅಷ್ಟೇ. ಉಳಿದ 3,250 ಕೈಗೆ ಸಿಕ್ಕಿತು ಅಂದುಕೊಂಡರೆ ಕೆಟ್ಟಿತು, ಮೂರು ವರ್ಷ ಕಳೆದರೂ ಅಸಲು ಅಲ್ಲಾಡುವುದಿಲ್ಲ. ಹಳೆಯ 4,500 ಅನ್ನೇ ಕಟ್ಟಿದೆ: ಬಳೆಗಳ ಖಾತೆಗೆ ಬರೀ ಬಡ್ಡಿ 750, ಸರಕ್ಕೆ 3,750. ಈ ಲೆಕ್ಕದಲ್ಲಿ ಸರ 18ನೇ ತಿಂಗಳಿಗೆ ಬಿಡುಗಡೆ. ಆಮೇಲೆ ಪೂರಾ 4,500 ಬಳೆಗಳಿಗೆ. ಬ್ಯಾಂಕಿನ ಶುಲ್ಕ ಬಿಟ್ಟರೆ ಮೊದಲಿಂದ ಒಟ್ಟು 39 ಕಂತು ಪೂರ್ತಿ, 40ನೆಯದು ಸಾವಿರದೊಳಗೆ.

ಹೆಚ್ಚಿನವರು ಜಾರುವುದು ವರ್ಷ ತುಂಬಿದ ದಿನ. ಅಡವಿನ ಸಾಲ ಮುಂದುವರಿಸಲು, ಅಂದರೆ ರಿನ್ಯೂವಲ್‌ಗೆ, ಹೋದಾಗ ಬ್ಯಾಂಕಿನವರು 'ಚಿನ್ನದ ರೇಟು ಏರಿದೆ, ಇನ್ನೂ ಐವತ್ತು ಸಾವಿರ ಸಿಗುತ್ತೆ ಸಾರ್' ಅನ್ನುತ್ತಾರೆ. ಆಗಲೇ ಮಗಳ ಫೀಸು, ಬೈಕಿನ ಟೈರು ಎಲ್ಲ ನೆನಪಾಗುತ್ತದೆ. ನಾನು ಬಾಕಿ ಮೊತ್ತವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಅಷ್ಟಕ್ಕೇ ಮಾಡಿಕೊಡಿ ಅಂದೆ. ಕಂತು ತಪ್ಪುತ್ತಾ ಹೋದರೆ ನೋಟಿಸು, ಆಮೇಲೆ ಹರಾಜು. ಅದಕ್ಕೇ ಒಂದು ಕಂತಿನಷ್ಟು ದುಡ್ಡನ್ನು ಬೇರೆ ಉಳಿತಾಯ ಖಾತೆಯಲ್ಲಿ ಮುಟ್ಟದೆ ಇಟ್ಟಿದ್ದೆ.

ಒಡವೆ ಬಿಡಿಸಿಕೊಳ್ಳುವಾಗ ಅಡವಿನ ಚೀಟಿಯಲ್ಲಿರುವ ತೂಕಕ್ಕೆ ತಾಳೆಯಾಗುತ್ತದೆಯೇ ಎಂದು ಕೌಂಟರಿನಲ್ಲೇ ತೂಗಿಸಿ, ಸರದ ಕೊಂಡಿ ನೋಡಿಕೊಂಡು, ಆಮೇಲೆ ಸಹಿ ಹಾಕಿ.