ನಮ್ಮ ಕಾರ್ಖಾನೆಯ ವರ್ಕ್ಸ್ ಕಮಿಟಿಗೆ ಚುನಾವಣೆ ಮಾಡಿಸಿದ್ದು

ಮಂಡ್ಯ ಜಿಲ್ಲೆಯ ತೂಬಿನಕೆರೆ ಕೈಗಾರಿಕಾ ಪ್ರದೇಶದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಾನು ಎಚ್.ಆರ್. ನೋಡಿಕೊಳ್ಳುತ್ತೇನೆ. ಶ್ರೀರಂಗಪಟ್ಟಣ, ಪಾಂಡವಪುರ ಕಡೆಯ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳೇ ಇಲ್ಲಿ ಜಾಸ್ತಿ. ವರ್ಕ್ಸ್ ಕಮಿಟಿ ಅಂದರೆ ಕಾರ್ಮಿಕರ ಮತ್ತು ಆಡಳಿತದ ಪ್ರತಿನಿಧಿಗಳು ಒಟ್ಟಿಗೆ ಕೂತು ಕೆಲಸದ ಜಾಗದ ತೊಂದರೆಗಳನ್ನು ಮಾತಾಡುವ ಸಮಿತಿ. ನಮ್ಮಲ್ಲೂ ಇತ್ತು, ಆದರೆ ಫೈಲಿನಲ್ಲಿ. ಆಡಿಟ್ ಬಂದಾಗ ನಾಲ್ಕು ಸಹಿ ಹಾಕಿಸಿ ಮತ್ತೆ ಬೀರುವಿಗೆ ಸೇರಿಸುತ್ತಿದ್ದರು.

ಇದು ಮಾಲೀಕರು ಕೊಡುವ ಉಪಕಾರವೇನಲ್ಲ. ನೂರು ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಇಂಥ ಸಮಿತಿ ಮಾಡಿ ಎಂದು ಸರ್ಕಾರ ಹೇಳಬಹುದು ಅಂತ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೇ ಇತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದು ಉಳಿದಿದೆ. ಕಾರ್ಮಿಕರ ಪ್ರತಿನಿಧಿಗಳು ಆಡಳಿತದವರಿಗಿಂತ ಕಡಿಮೆ ಇರಬಾರದು. ಮೇಲಿನವರನ್ನು ಒಪ್ಪಿಸಲು ನನಗೆ ಇಷ್ಟು ಸಾಕಾಯಿತು.

ಕಷ್ಟವಾಗಿದ್ದು ಆಯ್ಕೆ. "ಗಲಾಟೆ ಮಾಡದವರ ಹೆಸರು ನಾನೇ ಕೊಡ್ತೀನಿ ಬಿಡಿ ಮೇಡಂ" ಅಂದರು ಪ್ರೊಡಕ್ಷನ್ ಮ್ಯಾನೇಜರ್. ಅವರು ಆರಿಸಿದವರ ಹತ್ತಿರ ಯಾರು ಬಂದು ಕಷ್ಟ ಹೇಳಿಕೊಳ್ಳುತ್ತಾರೆ? ಗುಟ್ಟಿನ ಮತದಾನವೇ ಆಗಬೇಕು ಎಂದು ಹಟ ಹಿಡಿದೆ. ಆರು ತಿಂಗಳು ಕೆಲಸ ಮಾಡಿದವರಿಗೆ ಮತ, ಒಂದು ವರ್ಷ ಆದವರಿಗೆ ನಿಲ್ಲುವ ಅವಕಾಶ. ಓದಲು ಬಾರದವರೂ ಇದ್ದರಲ್ಲ, ಅದಕ್ಕೆ ಚಿಹ್ನೆ ಕೊಟ್ಟೆವು: ಕತ್ತರಿ, ದಾರದ ಉಂಡೆ, ಗುಂಡಿ, ಟೇಪು. ಪಂಚಾಯಿತಿ ಚುನಾವಣೆಯಷ್ಟೇ ಜೋರಾಯಿತು, ಊಟದ ಹೊತ್ತಲ್ಲಿ ಪ್ರಚಾರ ಬೇರೆ! ಕಟಿಂಗ್, ಸ್ಟಿಚಿಂಗ್, ಫಿನಿಶಿಂಗ್‌ಗೆ ಬೇರೆ ಬೇರೆ ಸೀಟು ಇಟ್ಟೆವು. ಇಲ್ಲದಿದ್ದರೆ ಜನ ಜಾಸ್ತಿ ಇರುವ ಸ್ಟಿಚಿಂಗ್‌ನವರೇ ಎಲ್ಲ ಸೀಟು ಗೆಲ್ಲುತ್ತಿದ್ದರು. ಹೆಲ್ಪರ್‌ಗಳಿಗೂ ಒಂದು ಸೀಟು. ಟೈಲರ್‌ಗಳ ಮುಂದೆ ಅವರ ಮಾತು ಕೇಳುವವರೇ ಇರುವುದಿಲ್ಲ.

ಗೆದ್ದವರು ಮೊದಲ ಸಭೆಯಲ್ಲಿ ತಲೆ ತಗ್ಗಿಸಿ ಕೂತರು. ಹೊರಗೆ ಬಂದ ಮೇಲೆ ಒಬ್ಬಾಕೆ, "ಮೇಡಂ, ಇಲ್ಲಿ ಬಾಯಿ ಬಿಟ್ರೆ ನಾಳೆ ಲೈನಲ್ಲಿ ಅನುಭವಿಸೋರು ನಾವೇ ತಾನೆ?" ಅಂದರು. ಸರಿಯಾದ ಮಾತು. ಆಮೇಲಿಂದ ಸಭೆಗೆ ಮುಂಚೆ ಅರ್ಧ ಗಂಟೆ ಪ್ರತಿನಿಧಿಗಳೇ ಸೇರಿ ಪಟ್ಟಿ ಮಾಡುತ್ತಾರೆ, ಡ್ಯೂಟಿ ಸಮಯದಲ್ಲೇ. ನಾನೂ ಒಳಗೆ ಹೋಗುವುದಿಲ್ಲ. ವಿಷಯ ಸಮಿತಿಯ ಹೆಸರಲ್ಲಿ ಬರುತ್ತದೆ, ಯಾರು ಎತ್ತಿದರು ಅನ್ನುವುದು ಗೊತ್ತಾಗುವುದಿಲ್ಲ.

ಹಾಗೆ ಬಂದ ಮೊದಲ ವಿಷಯ ಟಾಯ್ಲೆಟ್ ಟೋಕನ್. ಒಂದು ಲೈನಿಗೆ, ಅಂದರೆ ಸಾಲಾಗಿ ಕೂತು ಹೊಲಿಯುವ ಒಂದು ಗುಂಪಿಗೆ, ಒಂದೇ ಟೋಕನ್, ಅದು ವಾಪಸ್ ಬರುವವರೆಗೆ ಇನ್ನೊಬ್ಬರು ಏಳುವಂತಿಲ್ಲ. ತೆಗೆದರೆ ಟಾರ್ಗೆಟ್ ಬೀಳುತ್ತೆ ಅಂತ ಪ್ರೊಡಕ್ಷನ್‌ನವರ ವಾದ. ಎರಡು ಲೈನಲ್ಲಿ ಟೋಕನ್ ಇಲ್ಲದೆ ನಡೆಸಿ ನೋಡೋಣ ಅಂದೆವು. ಟಾರ್ಗೆಟ್ ಬೀಳಲಿಲ್ಲ. ಟೋಕನ್ ಎಲ್ಲ ಲೈನಿಂದ ಹೋಯಿತು. ಸಮಿತಿಯ ಮೇಲೆ ಜನಕ್ಕೆ ನಂಬಿಕೆ ಬಂದಿದ್ದು ಇದರಿಂದ, ನಾನು ಅಂಟಿಸಿದ ಪೋಸ್ಟರಿನಿಂದ ಅಲ್ಲ.

ಸಂಬಳ, ಬೋನಸ್ ಇಲ್ಲಿ ಚರ್ಚೆಗೆ ಬರುವುದಿಲ್ಲ. 1959ರ ಭಾರತೀಯ ಕಾರ್ಮಿಕ ಸಮ್ಮೇಳನ ಮಾಡಿದ ಪಟ್ಟಿಯಲ್ಲೇ ಅವನ್ನು ಹೊರಗಿಟ್ಟಿದ್ದಾರೆ. ನೀರು, ಕ್ಯಾಂಟೀನ್, ಗಾಳಿ ಬೆಳಕು, ಸುರಕ್ಷತೆ ಇಂಥವು ಸಮಿತಿಯ ಪಾಲು. ಸಮಿತಿ ಯೂನಿಯನ್ ಜಾಗದಲ್ಲಿ ಕೂರುವಂತಿಲ್ಲ ಎಂದು 1960ರಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಆದರೂ "ಇದಿದ್ರೆ ಯೂನಿಯನ್ ಯಾಕೆ?" ಅನ್ನುವ ಮ್ಯಾನೇಜರ್‌ಗಳು ಇದ್ದೇ ಇರುತ್ತಾರೆ. ಆ ಆಸೆಯಿಂದ ಸಮಿತಿ ಮಾಡುವುದಾದರೆ ಸುಮ್ನೆ ಬಿಟ್ಟುಬಿಡುವುದು ವಾಸಿ.

ನಡಾವಳಿ ಕನ್ನಡದಲ್ಲೇ ಬರೆದು ನೋಟಿಸ್ ಬೋರ್ಡಿಗೆ ಹಾಕುತ್ತೇವೆ. ಪ್ರತಿ ವಿಷಯದ ಮುಂದೆ ಯಾರು ಮಾಡಬೇಕು, ಯಾವತ್ತಿನೊಳಗೆ ಅಂತ ಇರುತ್ತದೆ. ಆಗುವುದಿಲ್ಲ ಅಂದರೆ ಯಾಕೆ ಅನ್ನುವುದನ್ನೂ ಬರೆಯಬೇಕು. ಮುಂದಿನ ಸಭೆ ಶುರುವಾಗುವುದೇ ಆ ಹಾಳೆಯಿಂದ. ಸಂಜೆ ಬಸ್ಸಿನ ಸಮಯದ ವಿಷಯ ಇನ್ನೂ ಅದರಲ್ಲಿ ಹಾಗೇ ಇದೆ. ಈಗ ಸೂಪರ್‌ವೈಸರ್‌ಗಳು ತಮ್ಮನ್ನು ಯಾರೂ ಕೇಳುವುದಿಲ್ಲ ಅಂತ ಗೊಣಗುತ್ತಿದ್ದಾರೆ. ಅವರಲ್ಲಿ ಒಬ್ಬರಿಗೆ ಆಡಳಿತದ ಕಡೆಯ ಸೀಟು ಕೊಡುವ ಮಾತು ನಡೆದಿದೆ.