ಒಂದೇ ಹಿಟ್ಟು, ಎಂಟು ಡಬ್ಬ: ನನ್ನ ಅನುಭವ

ಎರಡೂವರೆ ವರ್ಷ ಬೋರ್‌ವೆಲ್ ನೀರಿನ ಕ್ಯಾನಿಗೆ ದುಡ್ಡು ಕೊಟ್ಟೆ, ಇಡ್ಲಿ ಹಿಟ್ಟು ರುಬ್ಬಿ ಮಾರುವುದಕ್ಕೆ. ತಿಂಗಳಿಗೆ ಹತ್ತಿರಹತ್ತಿರ 6,000 ರೂಪಾಯಿ. ಒಟ್ಟು 1.8 ಲಕ್ಷದ ಆಸುಪಾಸು. ನಲ್ಲಿಯ ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತೆ, ಚಳಿಗಾಲದಲ್ಲಿ ಹಿಟ್ಟು ಉಬ್ಬಲ್ಲ, ಬೋರ್‌ವೆಲ್ ನೀರಾದರೆ ಉಬ್ಬುತ್ತೆ ಅನ್ನೋದು ನನ್ನ ನಂಬಿಕೆ. ನಂಬಿಕೆ ಏನು, ಕಣ್ಣಾರೆ ನೋಡುತ್ತಿದ್ದೆ. ದಿನಾ ಬೋರ್‌ವೆಲ್ ಡಬ್ಬ ಒಂದು ಬೆರಳು ಜಾಸ್ತಿ ಉಬ್ಬಿರುತ್ತಿತ್ತು.

ಆ ಉಬ್ಬು ನಿಜ. ನೀರು ಮಾತ್ರ ಅದಕ್ಕೆ ಕಾರಣ ಅಲ್ಲ. ಇದನ್ನು ಹೇಳಿದಾಗ ಹಿಟ್ಟಿನ ವ್ಯಾಪಾರದವರು ಯಾರೂ ಒಪ್ಪಲಿಲ್ಲ. ಗ್ರೈಂಡರ್ ರಿಪೇರಿಗೆ ಬರುವವರು "ಅಕ್ಕ, ಇಂಥ ಪರೀಕ್ಷೆಯೆಲ್ಲ ಕಾಲೇಜಿನ ಲ್ಯಾಬಿನಲ್ಲಿ ಮಾಡೋದು, ಅಂಗಡೀಲಿ ಅಲ್ಲ" ಅಂದರು. ಈಗ ಎರಡು ಡಿಸೆಂಬರ್ ದಾಟಿದ ಮೇಲೆ ಬರೆಯುತ್ತಿದ್ದೇನೆ. ಅಕ್ಕಿ-ಬೇಳೆ ಅಳತೆ, ನೆನೆಸುವುದು ಎಲ್ಲ ನಿಮಗೆ ಗೊತ್ತಿರೋದೇ, ಅದನ್ನು ಬಿಡುತ್ತೇನೆ.

ಬೆಂಗಳೂರಿನ ಹನುಮಂತನಗರದಲ್ಲಿ ನಮ್ಮದು ಚಿಕ್ಕ ಘಟಕ. ಒಂದು ಟಿಲ್ಟಿಂಗ್ ಗ್ರೈಂಡರ್, ದಿನಕ್ಕೆ ಎರಡು ದೊಡ್ಡ ಲೋಡ್ (ಒಂದು ಸಲಕ್ಕೆ ರುಬ್ಬುವಷ್ಟು ಹಿಟ್ಟು). ಕೆಟ್ಟ ಡಿಸೆಂಬರ್‌ನಲ್ಲಿ ದಿನಕ್ಕೆ 12-15 ಕೆಜಿ ಉಬ್ಬದ ಹಿಟ್ಟು ವಾಪಸ್ ಬರುತ್ತಿತ್ತು. ಒಂದು ದರ್ಶಿನಿಯವರು ಆರ್ಡರನ್ನೇ ನಿಲ್ಲಿಸಿದರು. ಆಗಲೇ ಬಿಎಸ್ಸಿ ಓದುವ ಮಗಳು ಕೇಳಿದಳು: "ಅಮ್ಮ, ಒಂದೇ ಹಿಟ್ಟನ್ನು ಎಂಟು ಡಬ್ಬಕ್ಕೆ ಹಾಕಿದರೆ ಎಂಟೂ ಒಂದೇ ಸಮ ಉಬ್ಬುತ್ತಾ?"

ನಾನು ಯಾವತ್ತೂ ನೋಡಿರಲಿಲ್ಲ. ನೋಡಿದೆ. ಒಂದೇ ಲೋಡ್, ಒಂದೇ ನೀರು, ಒಂದೇ ಅಳತೆಯ ನೇರ ಬದಿಯ ಪ್ಲಾಸ್ಟಿಕ್ ಡಬ್ಬಗಳು, ತಕ್ಕಡಿಯಲ್ಲಿ ತೂಗಿ ಹಾಕಿದ ಒಂದೊಂದು ಕೆಜಿ. ಹಿಟ್ಟಿನ ಮಟ್ಟಕ್ಕೆ ರಬ್ಬರ್ ಬ್ಯಾಂಡ್. ಬೆಳಿಗ್ಗೆ ಅಳೆದರೆ ಒಂದು 58 ಮಿಲಿಮೀಟರ್ ಏರಿದೆ, ಇನ್ನೊಂದು 70! ಯಾವ ವ್ಯತ್ಯಾಸವೂ ಇಲ್ಲದ ಕಡೆ 12 ಮಿಲಿಮೀಟರ್ ವ್ಯತ್ಯಾಸ. ಅದಕ್ಕೂ ಮೊದಲು 8 ಮಿಲಿಮೀಟರ್ ಜಾಸ್ತಿ ಬಂತು ಅಂತ ದುಬಾರಿ ಉದ್ದಿನಬೇಳೆಗೆ ಬದಲಾಯಿಸಿದ್ದೆ. ಕೆಜಿಗೆ 20 ರೂಪಾಯಿ ಹೆಚ್ಚು ಕೊಟ್ಟು.

ಇದೇ ಆಟವನ್ನು ಮೂರು ದಿನ ಆಡಿದೆವು. ಮೇಲಿನ ಶೆಲ್ಫಿನಲ್ಲಿ ಗೋಡೆ ಪಕ್ಕ ಇಟ್ಟ ಎರಡು ಡಬ್ಬ ಮೂರೂ ದಿನ ಎಲ್ಲಕ್ಕಿಂತ ಮೇಲೆ. ಉಳಿದ ಆರರಲ್ಲಿ ಇವತ್ತು ಇದು ಮುಂದೆ, ನಾಳೆ ಅದು. ಆರರದ್ದು ಸುಮ್ನೆ ಏರುಪೇರು, ಅದಕ್ಕೆ ಕಾರಣ ಹುಡುಕಿ ಪ್ರಯೋಜನ ಇಲ್ಲ. ತುಂಬಾ ಸಲ ಅಳೆದು ಸರಾಸರಿ ತೆಗೆದರೆ ತಾನಾಗಿ ಕರಗುತ್ತೆ. ಗೋಡೆ ಪಕ್ಕದ್ದು ಹಾಗಲ್ಲ. ಆ ಗೋಡೆಯ ಆಚೆ ಫ್ರಿಡ್ಜಿನ ಕಂಪ್ರೆಸರ್ ಇದೆ. ನೂರು ದಿನ ಅಳೆದರೂ ಅದು ಒಂದೇ ಕಡೆಗೆ ಎಳೆಯುತ್ತೆ. ಈ ಎರಡನ್ನು ಬೇರೆ ಮಾಡಿ ನೋಡೋಕೆ ಮೂರು ದಿನ, ಸುಮಾರು 24 ಕೆಜಿ ಹಿಟ್ಟು ಖರ್ಚಾಯಿತು. ನನ್ನ ವ್ಯಾಪಾರದಲ್ಲಿ ಇಷ್ಟು ಲಾಭ ಕೊಟ್ಟ 24 ಕೆಜಿ ಬೇರೆ ಇಲ್ಲ.

ಆಮೇಲೆ ನೀರಿನ ಸರದಿ. ಕೂತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಕ್ಯಾನಿನ ಆಟೋ ಬರುತ್ತಿದ್ದುದು ಬೆಳಿಗ್ಗೆ ಎಂಟರ ಮೇಲೆ. ಹಾಗಾಗಿ ನಲ್ಲಿ ನೀರಿನ ಅಕ್ಕಿ ಐದಕ್ಕೇ ನೆನೆದು ಮೊದಲ ಲೋಡ್ ಆಗುತ್ತಿತ್ತು, ಬೋರ್‌ವೆಲ್‌ನದ್ದು ಯಾವಾಗಲೂ ಎರಡನೆಯದು. ಎರಡೂವರೆ ವರ್ಷದಲ್ಲಿ ಒಂದು ದಿನವೂ ಅದು ಅದಲುಬದಲಾಗಿರಲಿಲ್ಲ. ಹಾಗಾದರೆ ಉಬ್ಬು ನೀರಿನದೋ, ಲೋಡಿನದೋ?

ಎರಡು ಡ್ರಮ್ ತಂದು ಹಿಂದಿನ ಸಂಜೆಯೇ ಎರಡೂ ನೀರು ತುಂಬಿಸಿ ಒಂದೇ ಕೋಣೆಯಲ್ಲಿ ಇಟ್ಟೆ. ಯಾವ ನೀರು ಮೊದಲ ಲೋಡಿಗೆ ಅನ್ನೋದನ್ನು ದಿನಾ ನಾಣ್ಯ ಚಿಮ್ಮಿ ತೀರ್ಮಾನಿಸಿದೆವು. ನೆನೆಸುವ ಹೊತ್ತನ್ನು ಲೋಡಿಗೆ ತಕ್ಕಂತೆ ಹಿಂದೆಮುಂದೆ ಮಾಡಿದೆ. ಪ್ರತಿ ಲೋಡಿಂದ ನಾಲ್ಕು ಡಬ್ಬ, ಶೆಲ್ಫಿನ ಯಾವ ಜಾಗ ಅನ್ನೋದಕ್ಕೆ ಚೀಟಿ ಎತ್ತುವುದು. 16 ದಿನ ಅಂತ ಮೊದಲೇ ಪುಸ್ತಕದಲ್ಲಿ ಬರೆದಿಟ್ಟೆ.

ಹಾಗೆ ಬರೆದಿಟ್ಟಿದ್ದೇ ನನ್ನನ್ನು ಉಳಿಸಿತು. ಆರನೇ ದಿನಕ್ಕೆ ಬೋರ್‌ವೆಲ್ ಜೋರಾಗಿ ಮುಂದಿತ್ತು. ನಮ್ಮನೆಯವರು "ನೋಡಿದ್ಯಾ, ಸಾಕು, ನಿಲ್ಲಿಸು" ಅಂದರು. ನನಗೂ ನಿಲ್ಲಿಸುವ ಆಸೆ ಆಗಿತ್ತು. ಆದರೆ ಆ ಆರು ದಿನದಲ್ಲಿ ನಾಣ್ಯ ಐದು ಸಲ ಬೋರ್‌ವೆಲ್ಲನ್ನೇ ಎರಡನೇ ಲೋಡಿಗೆ ಹಾಕಿತ್ತು.

ಇನ್ನೊಂದು ದಿನ ನಲ್ಲಿ ನೀರಿನ ಒಂದು ಡಬ್ಬ ತೀರಾ ಕೆಳಗಿತ್ತು. ಮುಚ್ಚಳ ಸಡಿಲ ಇದೆ, ಇದು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಪಕ್ಕಕ್ಕೆ ಇಡಲು ಹೋದೆ. ಮಗಳು ಕೈ ಹಿಡಿದಳು. "ಮೇಲೆ ಇದ್ದಿದ್ದರೆ ಮುಚ್ಚಳ ನೋಡುತ್ತಿದ್ದೆಯಾ ಅಮ್ಮ?" ನೋಡುತ್ತಿರಲಿಲ್ಲ. ಅವತ್ತಿಂದ ಅಳೆಯುವ ಮೊದಲೇ ಎಲ್ಲ ಮುಚ್ಚಳ ನೋಡುವುದು, ಅಳೆದ ಮೇಲೆ ಯಾವುದನ್ನೂ ಬಿಡುವಂತಿಲ್ಲ.

ನನ್ನ ಅಳತೆ ಪುಸ್ತಕದಲ್ಲೂ ಒಂದು ತಪ್ಪು ಸಿಕ್ಕಿತು. ಹಳೆಯ ಪುಟಗಳಲ್ಲಿ ಎಲ್ಲ 60, 65, 70. ಒಂದು 62 ಇಲ್ಲ, ಒಂದು 67 ಇಲ್ಲ. ಡಬ್ಬದಲ್ಲಿ ಯಾವ ನೀರು ಅಂತ ಗೊತ್ತಿದ್ದಾಗ ಬೋರ್‌ವೆಲ್‌ಗೆ ನಾನು 3-4 ಮಿಲಿಮೀಟರ್ ಜಾಸ್ತಿಯೇ ಓದುತ್ತಿದ್ದೆ. ಕಾಮಾಲೆ ಕಣ್ಣಿಗೆ ಎಲ್ಲ ಹಳದಿ ಅಂತಾರಲ್ಲ, ಹಾಗೆ. ಅದಕ್ಕೆ ಡಬ್ಬಗಳಿಗೆ ಗುಟ್ಟಿನ ನಂಬರ್ ಹಾಕಿದೆವು. ಆ ನಂಬರ್ ಹೇಗೆ ಹಾಕುತ್ತೇವೆ ಅನ್ನೋದು ಮನೆಯೊಳಗಿನ ವಿಷಯ, ಅದು ಇರಲಿ.

16 ದಿನ ಮುಗಿಯಿತು. ಮೊದಲ ಲೋಡನ್ನು ಮೊದಲನೆಯದರ ಜೊತೆ, ಎರಡನೆಯದನ್ನು ಎರಡನೆಯದರ ಜೊತೆ ಹೋಲಿಸಿದಾಗ ನೀರಿನಿಂದ ಬಂದ ವ್ಯತ್ಯಾಸ ಒಂದೆರಡು ಮಿಲಿಮೀಟರ್, ಅಷ್ಟೇ. ಲೋಡಿನಿಂದ ಬಂದದ್ದು ಸುಮಾರು 14. ಅದೇ ನನ್ನ ಒಂದು ಬೆರಳು! ಎರಡನೇ ಲೋಡಿಗೆ ಕಲ್ಲು ಬಿಸಿಯಾಗಿರುತ್ತೆ. ಹಿಟ್ಟು ಹೊರಗೆ ಬರುವಾಗಲೇ ನಾಲ್ಕೈದು ಡಿಗ್ರಿ ಬೆಚ್ಚಗೆ. ಚಳಿಗೆ ಅದು ದೊಡ್ಡ ವರ.

ಈ ಡಿಗ್ರಿ ಅಳೆಯುವಲ್ಲೂ ಎಡವಿದೆವು. ಹೊಸ ಥರ್ಮಾಮೀಟರನ್ನು ಕುದಿಯುವ ನೀರಿಗೆ ಇಟ್ಟರೆ 97 ತೋರಿಸಿತು. ನೂರು ಇರಬೇಕಲ್ವಾ, ಮೂರು ಕಮ್ಮಿ ತೋರಿಸುತ್ತೆ ಅಂತ ಒಂದು ತಿಂಗಳು ಎಲ್ಲ ಲೆಕ್ಕಕ್ಕೂ ಮೂರು ಸೇರಿಸಿದೆವು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಪುಡಿ ಮಾಡಿದ ಐಸ್ ನೀರಿನಲ್ಲಿ ಇಟ್ಟಾಗ ಸರಿಯಾಗಿ ಸೊನ್ನೆ ತೋರಿಸಿತು. ಸರಿ ಇದ್ದ ಥರ್ಮಾಮೀಟರನ್ನು ತಪ್ಪು ಮಾಡಿದ್ದು ನಾವು. ಆ ತಿಂಗಳ ಲೆಕ್ಕದಿಂದ ಮೂರು ಕಳೆದೆವು. ಅದೃಷ್ಟಕ್ಕೆ ಲೋಡುಗಳ ನಡುವಿನ ವ್ಯತ್ಯಾಸ ಇದರಿಂದ ಕೆಡಲಿಲ್ಲ, ಎರಡಕ್ಕೂ ಸೇರಿಸಿದ್ದು ಅದೇ ಮೂರು.

ರುಚಿಯ ಪ್ರಶ್ನೆ ಉಳಿದಿತ್ತು. ನಮ್ಮ ಅತ್ತೆ "ಉಬ್ಬೋದು ಇರಲಿ, ಯಾವ ನೀರಿನ ಇಡ್ಲಿ ಅಂತ ನನ್ನ ನಾಲಿಗೆ ಹೇಳುತ್ತೆ" ಅಂದರು. ಮಗಳಿಗೆ ಫಿಶರ್ ನೆನಪಾದರು. ಹಾಲು ಮೊದಲೋ ಚಹಾ ಮೊದಲೋ ಕುಡಿದೇ ಹೇಳುತ್ತೇನೆ ಅಂದ ಹೆಂಗಸಿಗೆ ಎಂಟು ಕಪ್ ಕೊಡುವ ಪರೀಕ್ಷೆಯನ್ನು 1935ರಲ್ಲಿ ಬರೆದ ಇಂಗ್ಲೆಂಡಿನ ವಿಜ್ಞಾನಿ. ನಾವು ಎಂಟು ಇಡ್ಲಿ ಇಟ್ಟೆವು, ನಾಲ್ಕು ನಲ್ಲಿ ನೀರಿನವು, ನಾಲ್ಕು ಬೋರ್‌ವೆಲ್‌ನವು. ಬಡಿಸಿದ್ದು ನಾನು. ಅತ್ತೆ ಎಂಟಕ್ಕೆ ಎಂಟೂ ಸರಿ! ಸುಮ್ನೆ ಊಹಿಸಿದರೆ ಹಾಗಾಗುವುದು 70ಕ್ಕೆ ಒಂದು ಸಲ.

ಆದರೆ ನನಗೆ ಯಾವುದು ಯಾವ ಇಡ್ಲಿ ಅಂತ ಗೊತ್ತಿತ್ತು. ಬರ್ಲಿನ್‌ನಲ್ಲಿ ಹಾನ್ಸ್ ಅಂತ ಒಂದು ಕುದುರೆ ಗೊರಸು ಬಡಿದು ಲೆಕ್ಕ ಹೇಳುತ್ತಿತ್ತಂತೆ. 1907ರಲ್ಲಿ ಫುಂಗ್ಸ್ಟ್ ಅನ್ನುವವರು ಪರೀಕ್ಷಿಸಿದಾಗ, ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಬರುತ್ತಿರಲಿಲ್ಲ. ಕೇಳುವವರ ತಲೆಯ ಸಣ್ಣ ಅಲುಗಾಟವನ್ನು ಅದು ಓದುತ್ತಿತ್ತು. ಮೂವತ್ತು ವರ್ಷದಿಂದ ನನ್ನ ಮುಖ ನೋಡುತ್ತಿರುವ ಅತ್ತೆ ಅದನ್ನು ಓದಲ್ವಾ? ಎರಡನೇ ಸಲ ಏನೂ ಗೊತ್ತಿಲ್ಲದ ಪಕ್ಕದ ಮನೆ ಹುಡುಗ ಬಡಿಸಿದ. ಬೋರ್‌ವೆಲ್‌ನ ನಾಲ್ಕರಲ್ಲಿ ಮೂರು ಸರಿ. ಕೇಳೋಕೆ ಚೆನ್ನಾಗಿದೆ, ಆದರೆ ಮೂರು ಅಥವಾ ನಾಲ್ಕು ಸರಿಯಾಗುವುದು ಊಹೆಯಲ್ಲೇ 70ಕ್ಕೆ 17 ಸಲ ಬರುತ್ತೆ. ಅತ್ತೆಯೇ "ಇನ್ನು ಕ್ಯಾನ್ ಬೇಡ ಬಿಡು" ಅಂದರು.

ಕೈಯಲ್ಲಿ ಕಲಸಿದರೆ ಚೆನ್ನಾಗಿ ಉಬ್ಬುತ್ತೆ ಅನ್ನೋದನ್ನೂ ನೋಡಿದೆ. ಕೈಯಲ್ಲಿ ಕಲಸುವವರು ಸೌಟಿನವರಿಗಿಂತ ಎರಡರಷ್ಟು ಹೊತ್ತು ಕಲಸುತ್ತಿದ್ದರು. ಹೊತ್ತು ಸಮ ಮಾಡಿದ ಮೇಲೆ 12 ಡಬ್ಬದಲ್ಲಿ ವ್ಯತ್ಯಾಸ ಸಿಗಲಿಲ್ಲ. ಮೆಂತ್ಯದ ಪರೀಕ್ಷೆ ಅರ್ಧಕ್ಕೆ ನಿಂತಿದೆ.

ಈಗ ಮೊದಲ ಲೋಡೂ ಎರಡನೆಯದರಷ್ಟೇ ಬೆಚ್ಚಗೆ ಹೊರಗೆ ಬರುತ್ತೆ. ಹೇಗೆ ಅನ್ನೋದನ್ನು ಇಲ್ಲಿ ಹೇಳಲ್ಲ, ಅದರಲ್ಲಿ ನನ್ನ ಹೊಟ್ಟೆಪಾಡು ಇದೆ. ಕಳೆದ ಡಿಸೆಂಬರ್ ಪೂರ್ತಿ ತಿಂಗಳಿಗೆ ವಾಪಸ್ ಬಂದದ್ದು 8-10 ಕೆಜಿ. ನಿಲ್ಲಿಸಿದ್ದ ದರ್ಶಿನಿಯವರು ಜನವರಿಯಲ್ಲಿ ಫೋನ್ ಮಾಡಿ ದಿನಕ್ಕೆ 30 ಕೆಜಿ ಕೇಳಿದರು. ಎರಡು ಡ್ರಮ್ ಖಾಲಿ ಇವೆ, ಈ ಚಳಿಗೆ ಉಪ್ಪು ಮೊದಲೋ ಆಮೇಲೋ ಅನ್ನೋದಕ್ಕೆ ನಾಣ್ಯ ಚಿಮ್ಮಬೇಕು.