ಜಿಪ್ಸಿಗೆ 2 ಇಂಚಿನ ಲಿಫ್ಟ್ ಕಿಟ್ ನಾವೇ ಹಾಕಿದೆವು

ನಮ್ಮ ಜಿಪ್ಸಿ ಕಿಂಗ್ ಸಕಲೇಶಪುರದ ಹತ್ತಿರ ತೋಟದೊಳಗೇ ಓಡುವ ಗಾಡಿ. ಮಳೆಗಾಲದಲ್ಲಿ ಗದ್ದೆಗೆ ಇಳಿಯುವ ದಾರಿಯಲ್ಲಿ ಚಕ್ರದ ಜಾಡು ಎಷ್ಟು ಆಳ ಆಗುತ್ತದೆ ಅಂದ್ರೆ, ನಡುವಿನ ದಿಬ್ಬ ನೇರ ಆಕ್ಸಲ್ ನಡುವಿನ ಗೇರ್ ಡಬ್ಬಿಯಾದ ಡಿಫರೆನ್ಶಿಯಲ್‌ಗೆ ಬಡಿಯುತ್ತದೆ. ಅದಕ್ಕೇ ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ತರಿಸಿ, ನಾನೂ ತಮ್ಮನೂ ಸೇರಿ ಎರಡು ದಿನ ಹಿಡಿದು ಹಾಕಿದೆವು.

ಲಿಫ್ಟ್ ಹಾಕಿದರೆ ಡಿಫರೆನ್ಶಿಯಲ್ ಮೇಲೆ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೋಗುವುದಿಲ್ಲ. ಸ್ಪ್ರಿಂಗ್ ಎತ್ತುವುದು ಚಾಸಿ, ಬಾಡಿಯನ್ನು. ಆಕ್ಸಲ್ ಮೇಲೇಳಬೇಕು ಅಂದ್ರೆ ಟೈರ್ ದೊಡ್ಡದಾಗಬೇಕು. ನಾವು 205/70 ಆರ್15 ತೆಗೆದು 235/75 ಆರ್15 ಹಾಕಿದ್ದಕ್ಕೆ ಸುಮಾರು 33 ಮಿ.ಮೀ. ಎತ್ತರ ಸಿಕ್ಕಿತು. ಆ ಟೈರ್ ಮಡ್‌ಗಾರ್ಡಿಗೆ ಉಜ್ಜದೆ ತಿರುಗಲಿಕ್ಕೆ ಜಾಗ ಬೇಕಲ್ವಾ, ಲಿಫ್ಟ್ ಬೇಕಾಗಿದ್ದು ಅದಕ್ಕೆ. ರಸ್ತೆಗೆ ಇಳಿಸುವವರು ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. ಕಂಪನಿಯಿಂದ ಬಂದ ಗಾಡಿಯನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ.

ಕಿಟ್‌ನಲ್ಲಿ ಇದ್ದದ್ದು ನಾಲ್ಕು ಪ್ಲೇಟ್ ಸೆಟ್ (ಪಟ್ಟಿ ಸ್ಪ್ರಿಂಗ್), ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಉದ್ದದ ಶ್ಯಾಕಲ್, ಉದ್ದದ ಶಾಕ್ ಅಬ್ಸಾರ್ಬರ್, ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಹೊಸ ಯು-ಬೋಲ್ಟ್. ಚಾಸಿ ಕೆಳಗೆ ಎರಡೂ ಕಡೆ ಗಟ್ಟಿ ಸ್ಟ್ಯಾಂಡ್ ಕೊಟ್ಟು, ಜಾಕಿಯನ್ನು ಆಕ್ಸಲ್ ಏರಿಸಿ ಇಳಿಸಲು ಮಾತ್ರ ಇಟ್ಟುಕೊಂಡೆವು. ಬರೀ ಜಾಕಿ ನಂಬಿ ಗಾಡಿ ಕೆಳಗೆ ಮಲಗಲೇಬೇಡಿ.

ಮೊದಲ ದಿನ ಪೂರ್ತಿ ತಿಂದಿದ್ದು ಒಂದೇ ಒಂದು ಬೋಲ್ಟ್. ಹಿಂದಿನ ಬಲಗಡೆ ಪ್ಲೇಟಿನ ಮುಂದಿನ ಕಣ್ಣಿನದು (ಕಣ್ಣು ಅಂದ್ರೆ ಪ್ಲೇಟಿನ ತುದಿಯ ಸುರುಳಿ ತೂತು). ನಟ್ ಸಲೀಸಾಗಿ ಬಂತು, ಬೋಲ್ಟ್ ಮಾತ್ರ ಬುಷ್‌ನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಸುತ್ತಿಗೆಯಲ್ಲಿ ಹೊಡೆದರೆ ಇಡೀ ಪ್ಲೇಟ್ ಕುಣಿಯುತ್ತಿತ್ತು, ಬೋಲ್ಟ್ ಕೂದಲೆಳೆಯಷ್ಟೂ ಜರುಗಲಿಲ್ಲ. ಪೆಟ್ರೋಲ್ ಟ್ಯಾಂಕ್ ಅಲ್ಲೇ ಹಿಂದೆ ಇದೆ, ಗ್ರೈಂಡರ್ ಕಿಡಿ ಹಾರಿಸುವ ಧೈರ್ಯ ನನಗೆ ಬರಲಿಲ್ಲ. ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಬ್ರಾಕೆಟ್‌ಗೂ ಕಣ್ಣಿಗೂ ನಡುವಿನ ಸಂದಿಯಲ್ಲಿ ಬುಷ್ ರಬ್ಬರ್ ಸಮೇತ ಬೋಲ್ಟನ್ನು ಕುಯ್ದೆವು. ಎರಡೂ ಕಡೆ ತುಂಡಾಗುವ ಹೊತ್ತಿಗೆ ನಾಲ್ಕು ಬ್ಲೇಡ್ ಮುಗಿದಿತ್ತು, ಕತ್ತಲಾಗಿತ್ತು. ಹೊಸ ಬೋಲ್ಟ್‌ಗಳಿಗೆಲ್ಲ ಗ್ರೀಸ್ ಮೆತ್ತಿಯೇ ಹಾಕಿದೆವು.

ಪ್ಲೇಟ್ ಕೂರಿಸುವುದು ಸುಲಭ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿಗೆ ಸರಿಯಾಗಿ ಇಳಿದಿದೆಯಾ ಅಂತ ಬೆರಳಿಟ್ಟು ನೋಡಿ, ಯು-ಬೋಲ್ಟ್ ನಟ್‌ಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಬೇಕು. ಕಣ್ಣಿನ ಬೋಲ್ಟು, ಶ್ಯಾಕಲ್ ನಟ್ ಮಾತ್ರ ಗಾಡಿ ನೆಲಕ್ಕಿಳಿದು ಭಾರ ಕೂತ ಮೇಲೇ ಬಿಗಿ ಮಾಡಿ. ನೇತಾಡುವಾಗಲೇ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಹಿಂದಿನ ಆಕ್ಸಲ್ ಪೂರ್ತಿ ಕೆಳಗಿಳಿಸಿ ನೋಡಿದಾಗ ಎದೆ ಧಸಕ್ಕಂತು. ಬ್ರೇಕ್ ಹೋಸ್ ತಂತಿಯ ಹಾಗೆ ಬಿಗಿದು ನಿಂತಿತ್ತು. ಹಾಗೇ ಓಡಿಸಿದ್ದರೆ ಮೊದಲ ಹಳ್ಳದಲ್ಲೇ ಕಿತ್ತು ಬರುತ್ತಿತ್ತು. ಉದ್ದದ ಹೋಸ್ ಕಿಟ್‌ನಲ್ಲಿ ಇರಲೇ ಇಲ್ಲ, ಕೊಡದೆ ಮಾರುವುದು ತಪ್ಪು ಅಂತಲೇ ನನ್ನ ಅಭಿಪ್ರಾಯ. ಬೇರೆ ತರಿಸಿ ಹಾಕಿ, ಬ್ರೇಕ್ ಏರ್ ತೆಗೆದು ಮುಗಿಸಿದೆವು.

ಇಳಿಸಿ ಅಳತೆ ಹಿಡಿದರೆ ಎದ್ದಿದ್ದು 2 ಇಂಚಲ್ಲ, ಹತ್ತಿರ ಹತ್ತಿರ 3. ಹಳೇ ಪ್ಲೇಟ್ ಅಷ್ಟು ಕುಗ್ಗಿತ್ತು. ಸ್ಟೀರಿಂಗ್ ಓರೆಯಾಗಿತ್ತು, ಸ್ಟೀರಿಂಗ್‌ನಿಂದ ಚಕ್ರದ ಕಡೆ ಹೋಗುವ ಸರಳಿನ (ಡ್ರ್ಯಾಗ್ ಲಿಂಕ್) ಉದ್ದ ಹೊಂದಿಸಿ ನೇರ ಮಾಡಿದೆವು. ಆದರೆ 40ರ ವೇಗಕ್ಕೇ ಗಾಡಿ ಅತ್ತ ಇತ್ತ ಅಲೆಯುತ್ತಿತ್ತು. ಜಿಪ್ಸಿಗೆ ಮುಂದಿನ ಶ್ಯಾಕಲ್ ಪ್ಲೇಟಿನ ಮುಂತುದಿಯಲ್ಲಿದೆ. ಅದು ಉದ್ದವಾದರೆ ಆ ತುದಿ ತಗ್ಗಿ, ಆಕ್ಸಲ್ ಮುಂದಕ್ಕೆ ಬಾಗಿ ಕ್ಯಾಸ್ಟರ್ (ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲು ಬೇಕಾದ ಹಿಂದಕ್ಕಿನ ಓರೆ) ಕಡಿಮೆಯಾಗುತ್ತದೆ. ಪ್ಲೇಟಿಗೂ ಆಕ್ಸಲ್ ಪ್ಯಾಡಿಗೂ ನಡುವೆ, ದಪ್ಪ ತುದಿ ಮುಂದಕ್ಕಿರುವ ಹಾಗೆ, ಉಕ್ಕಿನ ಬೆಣೆ ಕೊಟ್ಟೆವು. ಸ್ಟೀರಿಂಗ್ ಮತ್ತೆ ತಾನಾಗಿ ನೇರಕ್ಕೆ ಬರತೊಡಗಿತು.

ಸ್ಪೀಡೋಮೀಟರ್ ಈಗ 50 ತೋರಿಸಿದರೆ ನಿಜವಾಗಿ ಓಡುವುದು 55. ಎರಡು ವಾರದ ನಂತರ ಯು-ಬೋಲ್ಟ್ ನಟ್ ಮತ್ತೆ ಬಿಗಿ ಮಾಡಿ ನೋಡಿದರೆ ಎಲ್ಲವೂ ಅರ್ಧ ಸುತ್ತು ತಿರುಗಿದವು. ಗದ್ದೆ ದಾರಿಯ ದಿಬ್ಬ ಈಗ ಬಡಿಯುವುದಿಲ್ಲ. ಹಿಂದಿನ ಆಕ್ಸಲ್‌ಗೆ ಇಂಜಿನ್ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಮಾತ್ರ ಆಕ್ಸಿಲರೇಟರ್ ಬಿಟ್ಟಾಗ ಸಣ್ಣಗೆ ನಡುಗುತ್ತದೆ. ಅದರ ಕೋನ ಸರಿ ಮಾಡಲು ಹಿಂದೆಯೂ ಬೆಣೆ ಕೊಡಬೇಕು, ಕೊಯ್ಲು ಮುಗಿದ ಮೇಲೆ ಆ ಕೆಲಸಕ್ಕೆ ಕೈ ಹಾಕುತ್ತೇವೆ.